ಎಡಗಡೆಯ ಕಿಟಕಿ

ಬೆಟ್ಟದ ರಸ್ತೆ ಇಳಿದು ಊರು ಸೇರುವ ತಿರುವಿನಲ್ಲೇ ಸೀಟುಮಾಮನ ಅಂಗಡಿ. ಕಾರಿನ ಸೀಟಿಗೆ ಕವರ್ ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಕುಸಿದ ಸ್ಪಂಜು ಬದಲಾಯಿಸುವುದು ಅವನ ಕಸುಬು. ಬೀದಿಯವರೆಲ್ಲ ಕರೆದು ಕರೆದು ಅದೇ ಅವನ ಹೆಸರೂ ಆಯಿತು. ಮೇಲಿನ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಇಳಿದವರ ಕಾರಿನಲ್ಲಿ ಮಕ್ಕಳು ವಾಂತಿ ಮಾಡಿರುತ್ತವೆ, ಇಲ್ಲವೇ ಕಿಟಕಿಯಿಂದ ನುಗ್ಗಿದ ಕೋತಿ ಸೀಟು ಪರಚಿರುತ್ತದೆ. ಹತ್ತುವವರು ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ಹತ್ತುವಾಗ ಸೀಟು ಚೆನ್ನಾಗಿಯೇ ಇರುತ್ತದಲ್ಲ.

ರಿಪೇರಿ ಮುಗಿಯುವ ತನಕ ಗಿರಾಕಿಗಳು ಸ್ಟೂಲಿನ ಮೇಲೆ ಕೂತು ಕಂಡದ್ದನ್ನೆಲ್ಲ ಹೇಳುತ್ತಿದ್ದರು. ಮಾಮ ಬಾಯಲ್ಲಿ ದಾರ ಕಚ್ಚಿಕೊಂಡು ಕೇಳುತ್ತಿದ್ದ. ಸಂಜೆ ಮನೆಗೆ ಹೋಗಿ ಅದಕ್ಕೆ ಸ್ವಲ್ಪ ಉಪ್ಪುಖಾರ ಸೇರಿಸಿ ಹೆಂಡತಿಗೆ ಬಡಿಸುತ್ತಿದ್ದ. "ಅವರು ನೋಡಿದರಂತೆ" ಎಂಬ ಮಾತು ಮಾತ್ರ ಅಪ್ಪಿತಪ್ಪಿಯೂ ಬರುತ್ತಿರಲಿಲ್ಲ. ಕಣ್ಣಿಗೆ ಕಟ್ಟುವಂತೆ ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದೇ ಒಂದು ಕೊರತೆ, ಆಸಾಮಿ ಆ ಬೆಟ್ಟ ಹತ್ತಿಯೇ ಇರಲಿಲ್ಲ.

ಇದು ಮದುವೆಗೆ ಮುಂಚಿನ ಎಡವಟ್ಟು. ಆಗ ಅವಳು ರೆಕ್ಸಿನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರೆಕ್ಸಿನ್ ತರಲು ಹೋದವನು ಮಾತು ಬೆಳೆಸಲು ಬೇರೇನೂ ತೋಚದೆ ಬೆಟ್ಟದ ವಿಷಯ ತೆಗೆದ. "ನೀವು ನೋಡಿದ್ದೀರಾ?" ಎಂದು ಅವಳು ಕಣ್ಣರಳಿಸಿದಳು. ಬಾಯಿ ಸುಳ್ಳು ಹೇಳಲಿಲ್ಲ ಪಾಪ, ತಲೆ ಆಡಿತು ಅಷ್ಟೆ. ಆ ತಲೆಯಾಟದ ಮೇಲೆ ಒಂದು ಸಂಸಾರವೇ ನಿಂತಿತು. ಆಮೇಲೆ ಅವಳನ್ನು ಕರೆದುಕೊಂಡು ಹೋದರೆ ಬಣ್ಣ ಬಯಲು, ಬಿಟ್ಟು ಹೋಗಲು ಮನಸ್ಸಿಲ್ಲ. ಅವಳೂ ಯಾವತ್ತೂ ಹೋಗೋಣ ಎನ್ನಲಿಲ್ಲ. ಸದ್ಯ ಬಚಾವಾದೆ ಎಂದುಕೊಂಡೇ ಮಾಮ ತಲೆಕೂದಲು ಬೆಳ್ಳಗೆ ಮಾಡಿಕೊಂಡ.

ಈಗ ಮಗಳು ಕಾರು ತೆಗೆದುಕೊಂಡಳು. "ಅಪ್ಪ, ಭಾನುವಾರ ಬೆಟ್ಟಕ್ಕೆ ಹೋಗೋಣ. ಎಲ್ಲಿ ನಿಲ್ಲಿಸ್ಬೇಕು, ಏನು ನೋಡ್ಬೇಕು, ಎಲ್ಲ ನೀನೇ ಹೇಳ್ಬೇಕು" ಎಂದಳು.

ಭಾನುವಾರ ಗಿರಾಕಿ ಜಾಸ್ತಿ ಎಂದು ಮಾಮ ಹೇಳಿ ನೋಡಿದ. ಮಗಳು ಸೋಮವಾರ ರಜೆ ಹಾಕುತ್ತೇನೆ ಎಂದಳು. ಹೊಸ ಗಾಡಿ, ಇನ್ನೂ ಸ್ವಲ್ಪ ಪಳಗಲಿ ಎಂದು ನೋಡಿದ. ಅಷ್ಟರಲ್ಲಿ ಹೆಂಡತಿ ಬೀರುವಿನ ತಳದಿಂದ ಉಣ್ಣೆಯ ಶಾಲು ತೆಗೆದು, ಕೊಡವಿ, ಬಿಸಿಲಿಗೆ ಹರವಿಬಿಟ್ಟಿದ್ದಳು. ಅದನ್ನು ಕಂಡ ಮೇಲೆ ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಸಿಕ್ಕಿಬೀಳಬಾರದೆಂದರೆ ಒಂದೂ ತಪ್ಪಬಾರದು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಿಂದ ರಸ್ತೆ ಎಳೆದು, ಕೇಳಿದ್ದನ್ನೆಲ್ಲ ನೆನಪಿಸಿಕೊಂಡು, ದಾರದುಂಡೆಗಳನ್ನು ಅಲ್ಲಲ್ಲಿ ಇಟ್ಟ. ಮೊದಲು ವೀಕ್ಷಣಾ ಗೋಪುರ, ಆಮೇಲೆ ಜಿಂಕೆಗಳ ಬಯಲು, ಕೊನೆಗೆ ಜಲಪಾತ. ಉದ್ದಕ್ಕೂ ಎಡಕ್ಕೆ ಕಣಿವೆ. ಸೋಮವಾರ ಬೆಳಿಗ್ಗೆ ಹೆಂಡತಿಯನ್ನು ಹಿಂದಿನ ಎಡಗಡೆ ಕಿಟಕಿಗೆ ಕೂರಿಸಿ, ಪಕ್ಕದಲ್ಲಿ ನೀರಿನ ಕ್ಯಾನು, ಊಟದ ಬುಟ್ಟಿ, ಕಂಬಳಿ, ದಿಂಬು ಎಲ್ಲವನ್ನೂ ಛಾವಣಿ ಮುಟ್ಟುವಂತೆ ಪೇರಿಸಿದ.

"ಬಲಗಡೆ ಏನೂ ಕಾಣಲ್ವಲ್ರೀ" ಎಂದಳು ಅವಳು.

"ಆ ಕಡೆ ಏನಿದೆ ಮಣ್ಣು? ಬರೀ ಬಂಡೆ" ಎಂದು ಮಾಮ ಮುಂದೆ ಕೂತ.

ಉದ್ಯಾನದ ಗೇಟು ದಾಟಿ ಕಾರು ಏರತೊಡಗಿತು. ಎಡಕ್ಕೆ ಬಂಡೆ ಬಂತು. ಇನ್ನೇನು ಕಣಿವೆ ಬರುತ್ತದೆ ಎಂದ ಮಾಮ. ಇನ್ನೂ ದೊಡ್ಡ ಬಂಡೆ ಬಂತು. ಹೆಂಡತಿ ಪಾಚಿಯನ್ನೂ ಜರಿಗಿಡವನ್ನೂ ಭಕ್ತಿಯಿಂದ ನೋಡಿದಳು. ಸ್ಟೀರಿಂಗ್ ಹಿಡಿದ ಮಗಳು ಮಾತ್ರ ಬಲಕ್ಕೆ ಇಣುಕಿ, "ಅಮ್ಮ, ಈ ಕಡೆ ಎಂಥ ಕಣಿವೆ ನೋಡು" ಎಂದಳು. ಅಮ್ಮ ಕತ್ತು ಚಾಚಿದಳು. ಅವಳಿಗೆ ಕಂಡದ್ದು ನೀರಿನ ಕ್ಯಾನು.

"ಅಪ್ಪ, ಗೋಪುರ ಮೊದಲು ಅಂದಿದ್ದೆ. ಜಲಪಾತ ಬಂದೇಬಿಡ್ತಲ್ಲ?"

"ಜಾಗ ಬದಲಾಯಿಸಿರಬೇಕು."

"ಜಲಪಾತನಾ?"

ಮಾಮನಿಗೆ ಆಗ ಹೊಳೆಯಿತು. ತನಗೆ ಬೆಟ್ಟ ತೋರಿಸಿದವರೆಲ್ಲ ಇಳಿದು ಬಂದವರು. ಅವರು ಇಳಿದ ದಾರಿಯನ್ನು ತಾನು ಹತ್ತುತ್ತಿದ್ದೇನೆ, ಅವರ ಎಡ ತನಗೆ ಬಲ. ಅಲ್ಲಿಂದ ಮೇಲಕ್ಕೆ ಅವನ ಬಾಯಿಗೆ ಬೀಗ ಬಿತ್ತು. ಬೇರೆ ಯಾರು ನಕ್ಕರೂ ಅವನಿಗೆ ಚಿಂತೆಯಿಲ್ಲ. ಇಷ್ಟು ವರ್ಷ ತನ್ನ ಮಾತು ನಂಬಿ ಕೂತವಳು ಇನ್ನು ಮೇಲೆ ಏನು ಹೇಳಿದರೂ ನಂಬದಿದ್ದರೆ?

ತುತ್ತತುದಿಯಲ್ಲಿ ಗೋಪುರ. ಮಗಳು ಟಿಕೆಟ್ ತರಲು ಹೋದಳು. ಮಾಮ ಕಾರಿನಿಂದಿಳಿದು ಹೆಂಡತಿಯ ಬಾಗಿಲು ತೆಗೆದು, ಅದನ್ನೇ ಹಿಡಿದುಕೊಂಡು ನಿಂತ.

"ನಾನು ಇಲ್ಲಿಗೆ ಬಂದೇ ಇರಲಿಲ್ಲ ಕಣೇ" ಎಂದ. "ಅವತ್ತು ತಲೆ ಆಡಿಸಿಬಿಟ್ಟೆ."

"ಮೂರನೇ ಬಂಡೆಗೇ ಗೊತ್ತಾಯ್ತು ಬಿಡಿ."

ಅವಳು ನಕ್ಕುಬಿಡುತ್ತಾಳೆ ಎಂದು ಮಾಮ ಕಾದ. ಅವಳು ನಗಲಿಲ್ಲ. ಶಾಲಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು.

"ನನಗೆ ಎಷ್ಟು ಆಸೆ ಇತ್ತು ಗೊತ್ತೇನ್ರೀ? ನೀವು ಆಗಲೇ ನೋಡಿಬಿಟ್ಟಿದ್ದೀರಿ, ನೋಡಿದ್ದನ್ನೇ ಮತ್ತೆ ನೋಡೋಕೆ ನನಗೋಸ್ಕರ ಯಾಕೆ ಅಂಗಡಿ ಮುಚ್ಚಿ ಬರ್ಬೇಕು ಅಂತ ಇಷ್ಟು ವರ್ಷ ಕೇಳಲೇ ಇಲ್ಲ."

ತನ್ನ ಅದೃಷ್ಟ ಎಂದುಕೊಂಡದ್ದು ಅವಳು ನುಂಗಿಕೊಂಡ ಆಸೆ ಎಂದು ತಿಳಿದು ಮಾಮನಿಗೆ ತುಂಬ ಸಂಕಟವಾಯಿತು. ಕಣ್ಣು ತುಂಬಿತು, ತಪ್ಪನ್ನು ಗಾಳಿಯ ಮೇಲೆ ಹಾಕಲೂ ಅವನು ಪ್ರಯತ್ನಿಸಲಿಲ್ಲ.

ಅವಳು ಅವನ ಕೈ ಹಿಡಿದು ಇಳಿದಳು. "ಬನ್ನಿ. ಆದ್ರೆ ನೀವು ಒಂದು ಮಾತೂ ಆಡ್ಬಾರ್ದು. ಇವತ್ತು ನಾನು ನೋಡಿ ನಿಮಗೆ ಹೇಳ್ತೀನಿ."

ಗೋಪುರದ ಮೆಟ್ಟಿಲನ್ನು ಅವಳೇ ಮುಂದಾಗಿ ಹತ್ತಿದಳು. ಕಂಬಿಗೆ ಒರಗಿ, ಬೆರಳು ಮಾಡಿ, ಒಂದೊಂದಾಗಿ ಹೇಳತೊಡಗಿದಳು. ಮಾಮ ಅವಳು ತೋರಿಸಿದ ಕಡೆಗೆಲ್ಲ ನೋಡಿದ.