ಗೋಡೆಯಾಚೆಯ ಬೀಸುಕಲ್ಲು

ಬನಹಟ್ಟಿಗೆ ಬಂದ ಮಾರನೆಯ ಬೆಳಗು ನಾನು ಭೂಕಂಪವಾಯಿತೆಂದು ಕೂಗಿಕೊಂಡು ಎದ್ದೆ. ಇನ್ನೂ ನಸುಗತ್ತಲು. ಚಾಪೆಯ ಕೆಳಗೆ ನೆಲ ಗುರುಗುಟ್ಟುತ್ತಿತ್ತು, ಗೂಡಿನಲ್ಲಿಟ್ಟಿದ್ದ ಹಿತ್ತಾಳೆಯ ಲೋಟ ಸಣ್ಣಗೆ ನಡುಗುತ್ತಿತ್ತು. ಅದು ಸಾಲದೆಂಬಂತೆ ಗೋಡೆಯ ಆಚೆ ಇಬ್ಬರು ಹೆಂಗಸರು ರಾಗವಾಗಿ ಜಗಳವಾಡುತ್ತಿದ್ದರು. ನಮ್ಮವರು ಮಗ್ಗುಲು ಬದಲಿಸಿ, “ಪಕ್ಕದ ಮನೆಯವರು ಜೋಳ ಬೀಸ್ತಿದಾರೆ ಕಣೆ, ಮಲಕ್ಕೋ” ಎಂದರು. ಅವರು ನನಗಿಂತ ಮೂರು ತಿಂಗಳು ಮೊದಲೇ ಬಂದು ಈ ಊರಿಗೆ ಕಿವಿ ಒಗ್ಗಿಸಿಕೊಂಡುಬಿಟ್ಟಿದ್ದರು. ನನ್ನ ಕಿವಿಯನ್ನು ಕೇಳಿದವರು ಯಾರು?

ಕೇಳಿದ್ದರೆ ನಾನು ನಂಜನಗೂಡು ಬಿಟ್ಟು ಹೊರಡುತ್ತಲೇ ಇರಲಿಲ್ಲ. ನಮ್ಮವರದು ನೂಲಿಗೆ ಬಣ್ಣ ಹಾಕುವ ಕಸುಬು. ಇಲ್ಲಿನ ನೂಲಿನ ವ್ಯಾಪಾರಿಯೊಬ್ಬರು ಕರೆದರು, ಇವರು ಹೂಂ ಎಂದರು, ಆಮೇಲೆ ನನಗೆ ಹೇಳಿದರು. ಕುಡಚಿಯಲ್ಲಿ ರೈಲಿಳಿದು, ತೇರದಾಳದ ಮೇಲೆ ಎತ್ತಿನ ಗಾಡಿಯಲ್ಲಿ ಮೈಮೂಳೆ ಸಡಿಲವಾಗುವಂತೆ ಕುಲುಕಿಸಿಕೊಂಡು ಬಂದೆ. ಬಂದರೆ ಕಪ್ಪು ಮಣ್ಣು, ಮಾಳಿಗೆಯ ಮನೆ, ಬೀದಿಯ ತುಂಬ ಮಗ್ಗದ ಸದ್ದು. ಅನ್ನ ಎಂದರೆ ಹಬ್ಬದ ಅಡುಗೆ. ದಿನವೂ ಜೋಳದ ರೊಟ್ಟಿ. ಅದನ್ನು ತಟ್ಟಲು ಹೋದರೆ ನನ್ನ ಕೈಯಲ್ಲಿ ಇಲ್ಲಿನ ಸಂಸ್ಥಾನಗಳ ನಕ್ಷೆಯಾಗುತ್ತಿತ್ತು, ಅಂಚು ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ಭಾಷೆ ಕನ್ನಡವೇ ಎಂದು ನಮ್ಮವರು ಧೈರ್ಯ ಹೇಳಿದ್ದರು. ಕನ್ನಡವೇ, ನಿಜ. ಪಕ್ಕದ ಮನೆಯ ಯಜಮಾನಿ ಸಿದ್ಧವ್ವ ಮೊದಲ ಸಲ ಮಾತನಾಡಿಸಿದಾಗ ಕೇಳಿದ ಪ್ರಶ್ನೆ ಇದು: “ಬಾಯಾರ, ನಿಮಗ ಪದ ಬರತಾವೇನ್ರಿ?” ನನಗೆ ರೇಗಿತು. “ಪದ ಬರದೆ ಏನಮ್ಮಾ, ನಾನು ಲೋವರ್ ಸೆಕೆಂಡರಿ ಪಾಸು ಮಾಡಿದೀನಿ” ಎಂದೆ. ಅವಳು ಬೆಪ್ಪಾಗಿ ನನ್ನನ್ನೇ ನೋಡಿದಳು. ಇಲ್ಲಿ ಪದ ಎಂದರೆ ಹಾಡು ಎಂದು ನನಗೆ ತಿಳಿದದ್ದು ನಾಲ್ಕು ದಿನ ಕಳೆದ ಮೇಲೆ. ಅಷ್ಟರಲ್ಲಿ, ಮೈಸೂರಿನ ಬಾಯಾರಿಗೆ ಹಾಡು ಬರುತ್ತದೋ ಎಂದರೆ ಪರೀಕ್ಷೆಯ ಮಾತಾಡುತ್ತಾಳೆಂದು ಓಣಿಗೆಲ್ಲ ಗೊತ್ತಾಗಿತ್ತು.

ಹಾಡಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಒಪ್ಪಿಕೊಳ್ಳುತ್ತೇನೆ. ಆರು ವರ್ಷ ಭಾಗವತರ ಮುಂದೆ ತೊಡೆ ತಟ್ಟಿ ತಾಳ ಹಾಕಿದವಳು ನಾನು. ಅಂಥವಳು ದಿನಾ ನಸುಕಿನಲ್ಲಿ ಶ್ರುತಿಯಿಲ್ಲದ, ಅದೇ ಮೂರು ಸಾಲಿನ, ಅದೇ ಏರಿಳಿತದ ಹಾಡನ್ನು ಕಲ್ಲಿನ ಗರಗರದ ಜೊತೆ ಕೇಳಬೇಕೆಂದರೆ! ತಲೆಯ ಮೇಲೆ ದಿಂಬು ಒತ್ತಿಕೊಂಡೆ. ಜಾಗ ಬದಲಿಸಿ ಅಡುಗೆಮನೆಯಲ್ಲಿ ಮಲಗಿದೆ. ಅಲ್ಲಿಗೂ ಬಂತು. ನಿಮ್ಮ ಜೋಳವನ್ನು ಗಿರಣಿಗೆ ಹಾಕಿಸಬಾರದೇ ಎಂದು ಸಿದ್ಧವ್ವನನ್ನು ಕೇಳಿದೆ. “ಗಿರಣಿ ಹಿಟ್ಟಿಗೆ ರುಚಿ ಎಲ್ಲೈತ್ರಿ?” ಎಂದು ಹೊರಟುಹೋದಳು.

ಕೇಳಿ ಕೇಳಿ, ಬೇಡವೆಂದರೂ ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳತೊಡಗಿದವು. ಸಿದ್ಧವ್ವನದು ಬೀರೇಶ್ವರನ ಒಕ್ಕಲು. ಗಂಡಸರು ಕುರಿ ಹಿಂಡಿನ ಹಿಂದೆ ಹೋಗಿ ವಾರಕ್ಕೊಮ್ಮೆ ಬುತ್ತಿಗೆ ಬರುವವರು. ಮನೆಯಲ್ಲಿ ಸಿದ್ಧವ್ವ, ಸೊಸೆ ಗಂಗವ್ವ, ಇಬ್ಬರೇ. ಗಂಗವ್ವನ ತವರು ಹುನ್ನೂರು, ಗಾಡಿಯಲ್ಲಿ ಅರ್ಧ ದಿನದ ದಾರಿ. ಅಲ್ಲಿ ಅವಳ ತಾಯಿಗೆ ಲಕ್ವ ಹೊಡೆದು ಮಾತು ನಿಂತಿತ್ತು, ನೋಡಿ ಬರಲು ಅತ್ತೆ ಇವಳನ್ನು ಕಳಿಸುತ್ತಿರಲಿಲ್ಲ. ಇದನ್ನೆಲ್ಲ ನನಗೆ ಯಾರೂ ಹೇಳಲಿಲ್ಲ, ಹಾಡಿನಿಂದಲೇ ತಿಳಿದೆ:

ಹುನ್ನೂರ ಹಾದ್ಯಾಗ ಗಾಡಿ ಹೋಗುವ ಸಪ್ಪಳ
ನನ್ನವ್ವ ಬಾಗಿಲಕ ಕಿವಿಗೊಟ್ಟು ಮಲಗ್ಯಾಳ
ಅತ್ತೀಯ ಕೈಯಾಗ ನನ ಕಾಲು

ಅಂದು ನಾನು ದಿಂಬು ತೆಗೆದು ಎದ್ದು ಕೂತೆ. ಸಿಟ್ಟು ಹೋಗಲಿಲ್ಲ, ಅದು ಬೇರೆ ಕಡೆಗೆ ತಿರುಗಿತು ಅಷ್ಟೆ. ನಮ್ಮ ಕಡೆಯೂ ರಾಗಿ ಬೀಸುವವರು ಇದ್ದಾರೆ, ಬೀಸುತ್ತ ಹಾಡುವವರೂ ಇದ್ದಿರಲೇಬೇಕು. ನಮ್ಮ ಮನೆಗೆ ಹಿಟ್ಟು ಮಾತ್ರ ಹಿತ್ತಲ ಬಾಗಿಲಿಗೆ ಬರುತ್ತಿತ್ತು, ಹಾಡು ಬರುತ್ತಿರಲಿಲ್ಲ. ಹಿಟ್ಟು ತಂದವಳ ತವರು ಯಾವುದೆಂದು ಕೇಳಬೇಕೆಂದು ನಮಗೆ ಒಂದು ದಿನವೂ ತೋಚಲಿಲ್ಲ. ಇದನ್ನು ತಿಳಿಯಲು ನಾನು ರೈಲು ಹತ್ತಿ ಇಷ್ಟು ದೂರ ಬರಬೇಕಾಯಿತಲ್ಲ!

ಆಮೇಲೆ ನಸುಕಿಗೆ ಮುಂಚೆಯೇ ಪೆನ್ಸಿಲು, ಪುಸ್ತಕ ಹಿಡಿದು ಗೋಡೆಗೆ ಒರಗಿ ಕೂರುವ ಹುಚ್ಚು ಹಿಡಿಯಿತು. ನಮ್ಮವರು ನಕ್ಕರು. ಮೂರು ವಾರದಲ್ಲಿ ಮೂವತ್ತು ಪದ ಬರೆದುಕೊಂಡೆ. ಒಂದರ ಕೊನೆಯ ಎರಡು ಸಾಲನ್ನಂತೂ ಬಾಯಿಪಾಠ ಮಾಡಿದೆ:

ಕಲ್ಲೀಗಿ ಕಣ್ಣಿಲ್ಲ, ಅತ್ತೀಗಿ ಕಿವಿಯಿಲ್ಲ
ಇಬ್ಬರಿಗೂ ನಾನ ಕಾಳ ಸುರದೇನ

ಆಹಾ, ಎಂಥ ಮಾತು! ಭಾಗವತರ ಮುಂದೆ ಆರು ವರ್ಷ ಕೂತರೂ ನನಗೆ ಇಂಥದೊಂದು ಸಾಲು ಹೊಳೆಯುತ್ತಿರಲಿಲ್ಲ. ಇದನ್ನು ಹೊಗಳದೆ ನನ್ನಿಂದ ಇರಲಾಗಲಿಲ್ಲ. ಒಂದು ಮಧ್ಯಾಹ್ನ ಸಿದ್ಧವ್ವನ ಮನೆಯ ಕಟ್ಟೆಯ ಮೇಲೆ ಓಣಿಯ ಐದಾರು ಹೆಂಗಸರು ಕಾಳು ಆರಿಸುತ್ತ ಕೂತಿದ್ದರು. ನಾನು ಪುಸ್ತಕ ಹಿಡಿದು ಹೋಗಿ, “ಸಿದ್ಧವ್ವಾ, ನಿಮ್ಮ ಸೊಸೆ ಎಷ್ಟು ಚೆನ್ನಾಗಿ ಪದ ಕಟ್ತಾಳೆ ಗೊತ್ತೇ?” ಎಂದು ಆ ಎರಡೂ ಪದಗಳನ್ನು ಗಟ್ಟಿಯಾಗಿ ಓದಿದೆ. ಅಷ್ಟು ಸಾಲದೆ, ಅರ್ಥವನ್ನೂ ಬಿಡಿಸಿ ಹೇಳಿದೆ!

ಕಟ್ಟೆಯ ಮೇಲೆ ಯಾರೂ ತಲೆ ಎತ್ತಲಿಲ್ಲ. ಸಿದ್ಧವ್ವ ಮೊರ ಕೆಳಗಿಟ್ಟು ಒಳಗೆ ಹೋದಳು. ಗಂಗವ್ವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು.

“ಏನ ಮಾಡಿದ್ರಿ ಅಕ್ಕಾರ ಇದು?”

“ನಿಮ್ಮ ಅತ್ತೆಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು?” ಎಂದೆ.

“ಗೊತ್ತಿಲ್ಲದ ಏನ್ರಿ? ದಿನಾ ನನ್ನ ಎದುರಿಗೇ ಕೂಡತಾಳ. ಒಂದ ಗೂಟ ಇಬ್ಬರೂ ಹಿಡದ ಬೀಸತೇವಿ. ಆಕೀಗಿ ಕೇಳಲಿ ಅಂತನ ಹಾಡೂದು. ಕಲ್ಲಿನ ಮುಂದ ಅಂದ್ರ ಅದು ಹಾಡ್ರಿ. ಕಟ್ಟಿ ಮ್ಯಾಲ ನಾಕ ಮಂದ್ಯಾಗ ಅಂದ್ರ ಚಾಡಿ.”

ನಾನು ಪುಸ್ತಕವನ್ನು ಸೆರಗಿನೊಳಗೆ ಸರಿಸಿದೆ.

“ಮೊನ್ನೆ ಅತ್ತಿ ‘ಕಳಸೂದು ನೋಡೂಣು’ ಅಂತ ಹಾಡಿದ್ಲು” ಎಂದು ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಇನ್ನ ಎರಡ ದಿನಕ್ಕ ಹೂಂ ಅಂತಿದ್ಲು. ಈಗ ಕಳಿಸಿದ್ರ ಮಂದಿ ಬಾಯಿಗೆ ಅಂಜಿ ಕಳಿಸಿದ್ಲು ಅಂದಂಗಾಗತೈತಿ. ಕಳಸಂಗಿಲ್ರಿ. ಮಂದಿ ಇದನ್ನ ಮರಿಯೂತನಕ ನಮ್ಮವ್ವ ಇರಬೇಕಲ್ಲ.”

ಮರುದಿನ ಬೆಳಿಗ್ಗೆ ಕಲ್ಲು ತಿರುಗಿತು, ಹಾಡು ಇಲ್ಲ. ಅದರ ಮರುದಿನವೂ ಇಲ್ಲ. ಮೊದಮೊದಲು ಇದೇ ಮೌನಕ್ಕಾಗಿ ನಾನು ಹರಕೆ ಹೊರುವುದೊಂದು ಬಾಕಿಯಿತ್ತು. ಈಗ ಅದು ಸಿಕ್ಕಿತು, ಮೂರು ಬೆಳಗಿಗಿಂತ ಹೆಚ್ಚು ತಡೆದುಕೊಳ್ಳಲು ಆಗಲಿಲ್ಲ. ಎಷ್ಟೋ ದಿನದಿಂದ ಅತ್ತೆ ಸೊಸೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದ ಒಂದೇ ಒಂದು ಜಾಗವನ್ನು ಓದುಬರಹ ಬಲ್ಲ ನಾನು ಮುಚ್ಚಿಸಿದ್ದೆ. ನನ್ನ ಮೇಲೇ ನನಗೆ ಬಂದ ಸಿಟ್ಟಿನ ಮುಂದೆ ರೊಟ್ಟಿಯ ಮೇಲಿನ ಸಿಟ್ಟು ಏನೂ ಅಲ್ಲ.

ನಾಲ್ಕನೆಯ ದಿನ ನಸುಕಿಗೆ ಎದ್ದು ಅವರ ಮನೆಗೆ ಹೋದೆ. ಬುಡ್ಡಿ ದೀಪದ ಬೆಳಕಿನಲ್ಲಿ ಇಬ್ಬರೂ ಕಲ್ಲಿನ ಎದುರುಬದುರು ಕೂತಿದ್ದರು. “ಸಿದ್ಧವ್ವಾ, ನನ್ನದು ತಪ್ಪಾಯ್ತು” ಎಂದು ಶುರುಮಾಡಿದೆ.

“ಇಲ್ಲಿ ಮಾತಿನ ಕೆಲಸಿಲ್ರಿ ಬಾಯಾರ” ಎಂದಳು ಅವಳು, ತಲೆ ಎತ್ತದೆ. “ಹೇಳೂದಿದ್ರ ಹಾಡಿ ಹೇಳ್ರಿ.”

ನೆಲಕ್ಕೆ ಕೂತೆ. ಬಂದಂತೆ ಹಾಡಿದೆ:

ದೂರದ ಊರಿಂದ ಬಂದವಳು ನಾನಮ್ಮ
ತಿಳಿಯದೆ ಮಾಡಿದೆ ಕ್ಷಮಿಸಮ್ಮ, ದಯಮಾಡಿ
ಗಂಗವ್ವನನ್ನು ಕಳಿಸಮ್ಮ

ಸಿದ್ಧವ್ವ ಗೂಟ ಬಿಟ್ಟು ನಗಲು ಶುರುಮಾಡಿದಳು. “ಯವ್ವಾ, ಇದೇನ ಹಾಡ್ರೀ? ಮಾಮಲೇದಾರರಿಗೆ ಅರ್ಜಿ ಬರದಂಗೈತಲ್ಲ!” ಗಂಗವ್ವನೂ ಬಾಯಿಗೆ ಸೆರಗು ಒತ್ತಿಕೊಂಡಳು. ಆರು ವರ್ಷದ ನನ್ನ ಸಂಗೀತಕ್ಕೆ ಇಷ್ಟು ಮರ್ಯಾದೆ ಸಿಕ್ಕಿತು. ನಗು ನಿಂತ ಮೇಲೆ ಸಿದ್ಧವ್ವ ಕಲ್ಲು ತಿರುಗಿಸುತ್ತ ಹಾಡಿದಳು:

ಕಳಸೂವ ಮನಸೈತಿ, ಕಳಸಲಿ ಹೆಂಗವ್ವ
ಮುರದೀದ ಕೈಯಾಗ ಬಲವಿಲ್ಲ, ಈ ಗೂಟ
ಎದುರೀಗಿ ಹಿಡಿಯವರ ಯಾರವ್ವ

ಹೋದ ವರ್ಷ ಅವಳ ಬಲಗೈ ಮುರಿದಿತ್ತಂತೆ. ಕೂಡಿದರೂ ಶಕ್ತಿ ಬಂದಿರಲಿಲ್ಲ. ಒಬ್ಬಳೇ ಬೀಸಲಾರಳು, ಬೀಸದಿದ್ದರೆ ಕುರಿಯ ಹಿಂದೆ ಹೋದವರಿಗೆ ಬುತ್ತಿಯಿಲ್ಲ. ಇಷ್ಟೇ ವಿಷಯ. ಪುಸ್ತಕದ ತುಂಬ ಪದ ಬರೆದುಕೊಂಡ ನಾನು ಅತ್ತೆಯ ಹಾಡನ್ನೆಲ್ಲ ಬರೀ ಗೊಣಗಾಟವೆಂದು ಬಿಟ್ಟು, ಸೊಸೆಯದನ್ನು ಮಾತ್ರ ಬರೆದುಕೊಂಡಿದ್ದೆ.

“ನಾನು ಹಿಡೀತೀನಿ” ಎಂದೆ.

ಮರುದಿನ ಗಂಗವ್ವ ಹುನ್ನೂರಿನ ಗಾಡಿ ಹತ್ತಿದಳು. ವಾರದ ಮೇಲೆ ಅರಳೆಯ ಗಾಡಿಯವನೊಬ್ಬ ಸುದ್ದಿ ತಂದ: ತಾಯಿಗೆ ಮಾತು ಬಂದಿಲ್ಲ, ಮಗಳ ಗುರುತು ಹಿಡಿದಳು, ಹಿಡಿದ ಕೈ ಬಿಡಲೊಲ್ಲಳು. ಗಂಗವ್ವ ಇನ್ನೂ ಅಲ್ಲಿಯೇ ಇದ್ದಾಳೆ.

ಹಾಗಾಗಿ ದಿನವೂ ನಸುಕಿನಲ್ಲಿ ಗೂಟ ಹಿಡಿಯುವವಳು ನಾನು. ನಂಜನಗೂಡಿನಲ್ಲಿ ಇದು ತಿಳಿದರೆ ನಮ್ಮ ಅತ್ತೆ ಮೈಲಿಗೆಯೆಂದು ನನಗೆ ಇನ್ನೆರಡು ಸ್ನಾನ ಮಾಡಿಸುತ್ತಾರೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಈಗ ಗಟ್ಟಿಯಾಗಿದೆ. ಮೊದಲ ವಾರ ಬರೀ ಏದುಸಿರು. “ಹಾಡದಿದ್ರ ಕಲ್ಲ ಭಾರ ಆಗತೈತ್ರಿ” ಎಂದು ಸಿದ್ಧವ್ವ ಗದರಿಸಿದಳು. ಆಮೇಲೊಂದು ದಿನ ನನಗೇ ತಿಳಿಯದೆ ಬಾಯಿಂದ ಒಂದು ಸಾಲು ಬಂತು. ಅದರ ಹಿಂದೆ ಇನ್ನೊಂದು. ಕೇಳದೆ ಕರೆತಂದ ಗಂಡನ ಮೇಲೆ, ಬಿಟ್ಟು ಬಂದವರ ಮೇಲೆ, ಮದುವೆಯಾದಂದಿನಿಂದ ನುಂಗಿಕೊಂಡಿದ್ದ ಇನ್ನೊಂದು ವಿಷಯದ ಮೇಲೆ. ಶ್ರುತಿ ಇರಲಿಲ್ಲ, ರಾಗ ಅದೇ ಹಳೆಯದು. ಸಿದ್ಧವ್ವ ಪೂರ್ತಿ ಕೇಳಿ, ಹಾಡಿನಲ್ಲೇ ಉತ್ತರ ಕೊಟ್ಟಳು. ನಾನು ಅತ್ತುಬಿಟ್ಟೆ.

ನನ್ನ ತಂಗಿ ನಂಜನಗೂಡಿನಿಂದ ಕಾಗದ ಬರೆದಾಗಲೆಲ್ಲ ಹೇಗಿದ್ದೀಯ ಎಂದು ಕೇಳುತ್ತಾಳೆ. ಎಲ್ಲರೂ ಕ್ಷೇಮ ಎಂದು ಬರೆಯುತ್ತೇನೆ. ಆ ನಸುಕಿನಲ್ಲಿ ಏನು ಹಾಡಿದೆ, ಸಿದ್ಧವ್ವ ಏನೆಂದಳು ಎಂದು ಇದನ್ನು ಓದುತ್ತಿರುವ ನೀವೂ ಕೇಳಬಹುದು. ಹೇಳುವುದಿಲ್ಲ, ಬೇಸರಿಸಬೇಡಿ. ನೀವೆಲ್ಲ ನನ್ನವರೇ. ಆದರೆ ನೀವು ಕೂತಿರುವುದು ಕಟ್ಟೆಯ ಮೇಲೆ.