ನಮ್ಮವ್ವನ ಶಾಂಪೂ

ಇಡೀ ಹಾಲ್ ಗೊಳ್ಳಂತ ನಕ್ಕಿತು. ನಕ್ಕಿದ್ದು ನಮ್ಮವ್ವನ ಮಾತಿಗೆ.

ಹೋದ ವಾರ ಸೊಲ್ಲಾಪುರ ರಸ್ತೆಯ ಒಂದು ಮಂಗಲ ಕಾರ್ಯಾಲಯದಲ್ಲಿ ನಮ್ಮಂಥ ಪಾರ್ಲರ್‌ನವರಿಗೆ ಒಂದು ದಿನದ ಹೇರ್ ಟ್ರೇನಿಂಗ್ ಇತ್ತು. ಪುಣೆಯಿಂದ ಮೇಡಂ ಬಂದಿದ್ದರು, ಅವರ ಮಾತೆಲ್ಲ ಹಿಂದಿ, ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ಕೊನೆಗೆ ಓರಲ್ ಟೆಸ್ಟ್, ಪಾಸಾದರೆ ಸರ್ಟಿಫಿಕೇಟ್.

ಸಿದ್ಧೇಶ್ವರ ಗುಡಿ ಹಿಂದಿನ ಓಣಿಯಲ್ಲಿ ನನ್ನದು ಎರಡು ಕುರ್ಚಿಯ ಪಾರ್ಲರ್. ಅದರ ಗೋಡೆಗೆ ಆ ಸರ್ಟಿಫಿಕೇಟ್ ಬೇಕೇ ಬೇಕಿತ್ತು.

ಎಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ನನ್ನನ್ನು ಎರಡು ಸಲ ಕೆಡವಿದೆ. ಈ ಸಲ ಬಿಡಬಾರದು ಅಂತ ಬಾಟಲಿಗಳ ಮೇಲಿನ ಒಂದೊಂದು ಪದವನ್ನೂ ಮೊಬೈಲಿನಲ್ಲಿ ಹುಡುಕಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಬಾಯಿಪಾಠ ಮಾಡಿದ್ದೆ. ಕಂಡೀಷನರ್, ಸೀರಮ್, ಶಾಂಪೂ... ಒಂದನ್ನೂ ಬಿಟ್ಟಿರಲಿಲ್ಲ.

ತಲೆ ತೊಳೆದು ತೋರಿಸೋಕೆ ಎಲ್ಲರೂ ಒಬ್ಬೊಬ್ಬ ಮಾಡೆಲ್ ಕರೆತರಬೇಕಿತ್ತು. ನನ್ನ ಮಾಡೆಲ್ ಬೆಳಿಗ್ಗೆನೇ ಕೈಕೊಟ್ಟಳು. ಮನೆಯಲ್ಲಿ ಇದ್ದದ್ದು ತಿಕೋಟಾದಿಂದ ಬಂದಿದ್ದ ಅವ್ವ ಒಬ್ಬಳೇ. ಅವಳನ್ನೇ ಆಟೋ ಹತ್ತಿಸಿದೆ.

ಅವ್ವ ಬಾಣಂತಿಯರಿಗೆ, ಕೂಸುಗಳಿಗೆ ಎಣ್ಣೆ ಹಚ್ಚಿ ಎರೆಯುವವಳು. ತಿಕೋಟಾ, ಬಬಲೇಶ್ವರದಲ್ಲಿ ಅವಳ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡ ಕೂಸುಗಳು ಈಗ ಮೀಸೆ ತಿರುವಿಕೊಂಡು ಓಡಾಡುತ್ತಿವೆ.

ಇದನ್ನು ಹೇಳಿಕೊಳ್ಳೋಕೆ ನನಗೆ ನಾಚಿಕೆ ಇತ್ತು. ಸುಳ್ಳು ಯಾಕೆ ಹೇಳಲಿ.

ಬಾಗಿಲಲ್ಲಿ ಹೆಸರು ಬರೆದುಕೊಳ್ಳುವವಳು ಇವರು ಯಾರು ಅಂತ ಕೇಳಿದಾಗ, "ನಮ್ಮ ಓಣಿಯಾಕಿ" ಅಂದುಬಿಟ್ಟೆ. ಅವ್ವ ಪಕ್ಕದಲ್ಲೇ ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು.

ಡೆಮೊ ಶುರುವಾಯಿತು. ಮೇಡಂ ಒಬ್ಬ ಹುಡುಗಿಯನ್ನು ಕೂರಿಸಿ ತಲೆಗೆ ನೇರ ನೀರು ಬಿಟ್ಟರು. ಅವ್ವನಿಗೆ ತಡೆಯಲಿಕ್ಕೆ ಆಗಲೇ ಇಲ್ಲ.

"ಅಯ್ಯ ಯವ್ವಾ, ಒತ್ತಲಾರದ ನೀರ ಹಾಕ್ತಾರೇನ್ರಿ? ಮೊದಲ ತಲಿ ಒತ್ತರಿ!"

ಆಗ ಬಿದ್ದದ್ದೇ ಆ ನಗು.

ಹಿಂದಿನಿಂದ ಯಾರೋ ಈ ಆಯಿ ಯಾರ ಕಡೆಯವಳು ಅಂತ ಕೇಳಿದಳು. ನಾನು ನೋಟ್‌ಬುಕ್ಕಿನೊಳಗೆ ಮುಖ ಹುದುಗಿಸಿದೆ. ಅವ್ವ ತಪ್ಪು ಮಾಡಿದವಳ ಹಾಗೆ ಕೈ ಮಡಚಿಕೊಂಡು ಕೂತಳು.

ಮೇಡಂ ಕೂಡ ನಕ್ಕರು. ಆಮೇಲೆ, ಬುಡದಿಂದಲೇ ಶುರು ಮಾಡೋಣ, ಶಾಂಪೂ ಅಂದರೆ ಏನು ಹೇಳಿ ಅಂದರು. ನಾಲ್ಕೈದು ಜನ ಒಟ್ಟಿಗೆ, ತಲೆ ತೊಳೆಯೋ ಲಿಕ್ವಿಡ್ ಅಂದರು.

ನನ್ನ ಮುಂದೆ ತೆರೆದಿದ್ದದ್ದೂ ಅದೇ ಪುಟ. ಪದ ಎಲ್ಲಿಂದ ಬಂತು ಅನ್ನೋದನ್ನೂ ಬರೆದುಕೊಂಡಿದ್ದೆ, ಟೆಸ್ಟಿಗೆ ಇದೆಲ್ಲ ಯಾರು ಕೇಳ್ತಾರೆ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ.

ಅದನ್ನು ಓದಿದೆ. ಅವ್ವನ ಕೈ ನೋಡಿದೆ. ಇನ್ನೊಂದು ಸಲ ಓದಿದೆ...

ಎದ್ದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಆದರೆ ಬಾಯಿ ಮಾತ್ರ ನಿಲ್ಲುತ್ತಿಲ್ಲ.

ಶಾಂಪೂ ಹುಟ್ಟಿದ್ದು ಹಿಂದಿಯ ಚಾಂಪೋ ಅನ್ನೋ ಮಾತಿನಿಂದ, ಚಾಂಪೋ ಅಂದರೆ ಒತ್ತು, ತಿಕ್ಕು ಅಂತ ಹೇಳಿದೆ. ಇಂಗ್ಲಿಷಿನವರೂ ಮೊದಮೊದಲು ಮೈ ಒತ್ತಿ ತಿಕ್ಕೋದಕ್ಕೇ ಶಾಂಪೂ ಅನ್ನುತ್ತಿದ್ದರು. ತಲೆ ತೊಳೆಯೋದು ಅನ್ನೋ ಅರ್ಥ ಆಮೇಲೆ ಬಂತು, ಬಾಟಲಿ ಅದಕ್ಕೂ ಆಮೇಲೆ.

ಅಷ್ಟಕ್ಕೇ ಕೂತಿದ್ದರೂ ನಡೆಯುತ್ತಿತ್ತು. ಕೂರಲಿಲ್ಲ.

"ಈಕಿ ಹೇಳಿದ್ದು ಖರೇ ಐತ್ರಿ ಮೇಡಂ. ಈಕಿ ಓಣಿಯಾಕಿ ಅಲ್ರಿ, ನಮ್ಮವ್ವ. ನಲವತ್ತ ವರ್ಷ ಆತು, ಇದನ್ನ ಮಾಡಕೋತ ಬಂದಾಳ."

ಎಲ್ಲರ ತಲೆಗಳೂ ಅವ್ವನ ಕಡೆ ತಿರುಗಿದವು.

ಮೇಡಂ "ಅರೇ, ಚಂಪಿ!" ಅಂದರು, ಹಿಂದಿಯಲ್ಲಿ ತಲೆ ಒತ್ತಿ ತಿಕ್ಕೋದಕ್ಕೆ ಈಗಲೂ ಅದೇ ಹೆಸರು. ಏಪ್ರನ್ ಬಿಚ್ಚಿ ಪಕ್ಕಕ್ಕಿಟ್ಟು, ತಾವೇ ಹೋಗಿ ಆ ಕುರ್ಚಿಯಲ್ಲಿ ಕೂತರು. ಅವ್ವನನ್ನು ಕೈ ಮಾಡಿ ಕರೆದರು.

ಅವ್ವ ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು ನೋಡಿ, ಆಮೇಲೆ ಅವಳದೇ ರಾಜ್ಯ!

ನೆತ್ತಿಗೆ ಎಣ್ಣೆ ಹಾಕಿ, ಅಲ್ಲಿಂದ ಶುರು ಮಾಡಿ ಕಿವಿ ಹಿಂದೆ, ಕುತ್ತಿಗೆಗೆ ಇಳಿದಳು. ಒಂದು ಕಡೆ ಬೆರಳು ನಿಲ್ಲಿಸಿ, "ಇಲ್ಲೆ ಗಂಟ ಕಟ್ಟೈತಿ. ನಿದ್ದಿ ಬರಂಗಿಲ್ಲ ಹೌದಲ್ಲೋ ನಿಮಗ?" ಅಂದಳು. ನಾನು ಹಿಂದಿಯಲ್ಲಿ ಹೇಳುವಷ್ಟರಲ್ಲಿ ಮೇಡಂ ಕಣ್ಣು ಮುಚ್ಚಿಕೊಂಡೇ ಹೂಂ ಅಂದಾಗಿತ್ತು.

ನಕ್ಕವರೆಲ್ಲ ಎದ್ದು ಬಂದು ಸುತ್ತ ನಿಂತರು. ಮೊಬೈಲ್‌ಗಳು ಮೇಲೆ ಬಂದವು. ಹತ್ತು ನಿಮಿಷದಲ್ಲಿ ಪುಣೆಯ ಮೇಡಂದು ಸಣ್ಣಗೆ ಗೊರಕೆ!

ತಲೆ ತೊಳೆದಾದ ಮೇಲೆ ಅವ್ವ ರೂಢಿ ಬಿಡಲಿಲ್ಲ. ಉಳಿದ ನೀರನ್ನು ಮೂರು ಸುತ್ತು ಇಳಿಸಿ ಚೆಲ್ಲಿ, ಕೂಸಿಗೆ ತೆಗೆದ ಹಾಗೆ ಮೇಡಂಗೂ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಮತ್ತೆ ಹಾಲ್ ನಕ್ಕಿತು, ಈ ಸಲ ಚಪ್ಪಾಳೆ ಸಮೇತ.

ಅಲ್ಲಿಗೂ ಮುಗಿಯಲಿಲ್ಲ. ನಮ್ಮ ಕಡೆ ಎರೆದವಳಿಗೆ ಕುಬಸದ, ಅಂದರೆ ರವಿಕೆಯ ಬಟ್ಟೆ ಕೊಟ್ಟೇ ಕಳಿಸಬೇಕು. "ಬರಿಗೈಲೆ ಕಳಸ್ತಾರೇನ? ಕುಬಸ ಕೇಳ ಬೇ ಅವರಿಗೆ" ಅಂತ ಅವ್ವ ನನಗೆ ತಿವಿಯುತ್ತಿದ್ದಾಳೆ, ನನಗೆ ಎಲ್ಲಿ ಮುಖ ಇಡಲಿ ಅಂತ ಗೊತ್ತಾಗುತ್ತಿಲ್ಲ.

ಕೊನೆಗೆ ಹೇಳಿದೆ. ಮೇಡಂ ಒಂದು ಕ್ಷಣ ಸುತ್ತ ನೋಡಿ, ಬಿಚ್ಚಿಟ್ಟಿದ್ದ ತಮ್ಮ ಏಪ್ರನ್ ಎತ್ತಿ, ಅವ್ವನ ಇಳಕಲ್ ಸೀರೆಯ ಮೇಲೆ ತಾವೇ ಕಟ್ಟಿದರು. ಅದರ ಎದೆ ಮೇಲೆ ಇಂಗ್ಲಿಷಿನಲ್ಲಿ ಟ್ರೇನರ್ ಅಂತ ಹೊಲಿದಿದೆ.

ನನ್ನ ಸರ್ಟಿಫಿಕೇಟ್? ಬಂತು. ಓರಲ್ ಟೆಸ್ಟಿನಲ್ಲಿ ನನಗೆ ಇನ್ನೊಂದು ಪ್ರಶ್ನೆ ಕೇಳಲೇ ಇಲ್ಲ.

ಸಂಜೆ ತಿಕೋಟಾ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಏಪ್ರನ್ ಇನ್ನೂ ಮೈಮೇಲೇ ಇತ್ತು, ಬಿಚ್ಚು ಅಂದರೆ ಕೇಳಬೇಕಲ್ಲ. ಅವ್ವ ಬಸ್ಸಿನ ಕಡೆ ನೋಡುತ್ತಲೇ ಅಂದಳು...

"ಮುಂಜಾನಿ ಓಣಿಯಾಕಿ ಆಗಿದ್ನಿ. ಸಂಜಿಕ ಅವ್ವ ಆದ್ನಿ ನೋಡು."

ಅವಳ ಕೈ ಹಿಡಿದುಕೊಂಡೆ, ಇನ್ನೂ ಎಣ್ಣೆ ವಾಸನೆ ಇತ್ತು.

ಮುಂದಿನ ಸೋಮವಾರದಿಂದ ನನ್ನ ಪಾರ್ಲರಿನ ಎರಡನೇ ಕುರ್ಚಿ ಅವಳದು.

ನಿಮ್ಮ ತಲೆಗೆ ಮೊಟ್ಟಮೊದಲು ಎರೆದ ಕೈ ಯಾರದು ಅಂತ ನಿಮಗೆ ಗೊತ್ತಾ?