ನಿದ್ದೆಯ ಪುಡಿ ಬೆರೆಸುವ ಚಿಟಿಕೆ ಅಕ್ಕ

ಬೆಳಗಿನ ಐದೂವರೆ. ಗೋದಾಮುಗಳ ಸಾಲಿನ ಹಿಂದಿರುವ ಎರಡು ಮಹಡಿಯ ಕಟ್ಟಡದಲ್ಲಿ ಒಂದೇ ಒಂದು ಕಿಟಕಿಗೆ ಬೆಳಕಿದೆ. ಒಳಗೆ ತಲೆಗೆ ಟೋಪಿ, ಮೂಗು ಬಾಯಿಗೆ ಮಾಸ್ಕು ಕಟ್ಟಿದ ಹೆಂಗಸೊಬ್ಬರು ತೂಕದ ಯಂತ್ರದ ಮುಂದೆ ಬಾಗಿ ನಿಂತಿದ್ದಾರೆ. ಫ್ಯಾನು ನಿಲ್ಲಿಸಿದ್ದಾರೆ. ಉಸಿರು ತಾಗಿದರೂ ಅಂಕಿ ಅಲುಗುತ್ತದೆ. ಚಮಚದ ತುದಿಯಿಂದ ಬಿಳಿ ಪುಡಿ ಉದುರುತ್ತಾ ಉದುರುತ್ತಾ ಇಪ್ಪತ್ತೈದು ಗ್ರಾಮಿಗೆ ಬಂದು ನಿಲ್ಲುತ್ತದೆ. ಆಗ ಮಾತ್ರ ಅವರು ನೆಟ್ಟಗಾಗಿ ಉಸಿರು ಬಿಡುತ್ತಾರೆ.

"ಇಷ್ಟೇ ನೋಡಿ. ಒಂದು ಹಿಡಿಯೂ ಇಲ್ಲ. ಇದು ಹನ್ನೆರಡೂವರೆ ಸಾವಿರ ಜನಕ್ಕೆ ಸಮ ಹಂಚಬೇಕು" ಎನ್ನುತ್ತಾರೆ.

ಇಲ್ಲಿ ತಯಾರಾಗುವುದು ನಿದ್ದೆಗೆ ನೆರವಾಗುವ ಪುಡಿ. ಮೆಗ್ನೀಷಿಯಂ, ಗ್ಲೈಸಿನ್, ಮೆಲಟೋನಿನ್ ಮೂರನ್ನೂ ಬೆರೆಸಿ ನಾಲ್ಕು ಗ್ರಾಮಿನ ಪ್ಯಾಕೆಟ್ ಮಾಡಿ ಅಂಗಡಿಗಳಿಗೆ ಕಳಿಸುತ್ತಾರೆ. ಅಜ್ಜಿಯಂದಿರ ಕತೆಗಳಲ್ಲಿ ನಿದ್ದೆ ಎಂದರೆ ದೂರದ ನೆಂಟಳು. ದೀಪ ಸಣ್ಣದು ಮಾಡಿ ಬಾಗಿಲು ಓರೆ ಮಾಡಿಟ್ಟರೆ ತಾನಾಗಿಯೇ ಒಳಗೆ ಬಂದು ತಲೆದೆಸೆಯಲ್ಲಿ ಕೂರುತ್ತಿದ್ದಳು. ಈಗ ಅವಳಿಗೆ ಮನೆಗಳ ದಾರಿಯೇ ಮರೆತುಹೋಗಿದೆಯೋ ಏನೋ, ಪ್ಯಾಕೆಟ್ಟಿನಲ್ಲಿ ಕಟ್ಟಿ ಮನೆಮನೆಗೆ ಕಳಿಸಬೇಕಾಗಿದೆ. ಹಾಗೆ ಕಟ್ಟುವ ಮೊದಲು ಬೆರೆಸುವವರು ಈಕೆ. ಕೆಲಸದವರೆಲ್ಲ 'ಚಿಟಿಕೆ ಅಕ್ಕ' ಎಂದೇ ಕರೆಯುತ್ತಾರೆ.

ಒಂದು ಕಂತಿಗೆ ಐವತ್ತು ಕಿಲೋ ಪುಡಿ. ಅದರಲ್ಲಿ ಮೆಲಟೋನಿನ್ ಬರೀ ಇಪ್ಪತ್ತೈದು ಗ್ರಾಂ. ಎಲ್ಲವನ್ನೂ ಒಟ್ಟಿಗೆ ಡ್ರಮ್ಮಿಗೆ ಸುರಿದು ತಿರುಗಿಸಿದರೆ ಅರ್ಧ ಗಂಟೆಯ ಕೆಲಸ. ಅಕ್ಕ ಹಾಗೆ ಮಾಡುವುದಿಲ್ಲ. ಇಪ್ಪತ್ತೈದು ಗ್ರಾಮಿಗೆ ಇಪ್ಪತ್ತೈದೇ ಗ್ರಾಂ ಗ್ಲೈಸಿನ್ ಸೇರಿಸಿ ಬೆರೆಸುತ್ತಾರೆ, ಜರಡಿ ಹಿಡಿಯುತ್ತಾರೆ. ಆ ಐವತ್ತಕ್ಕೆ ಮತ್ತೆ ಐವತ್ತು, ನೂರಕ್ಕೆ ನೂರು. ಹೀಗೆ ಎಂಟು ಸಲ ಸಮಕ್ಕೆ ಸಮ ಸೇರಿಸುತ್ತಾ ಹೋಗಿ, ಆರು ಕಿಲೋ ದಾಟಿದ ಮೇಲೆಯೇ ಡ್ರಮ್ಮಿನ ಮುಚ್ಚಳ ತೆಗೆಯುವುದು. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಭುಜ ಹಿಡಿದುಕೊಂಡಿರುತ್ತದೆ.

"ಅಕ್ಕಾ, ನಿನ್ನ ಎಂಟು ಮುಗಿಯೋ ಹೊತ್ತಿಗೆ ಜನ ಪುಡಿ ಇಲ್ಲದೇನೇ ಮಲಗಿ ಎದ್ದಿರ್ತಾರೆ" ಎಂದು ಸೂಪರ್‌ವೈಸರ್ ಬಾಗಿಲಲ್ಲೇ ನಿಂತು ಕಿಚಾಯಿಸುತ್ತಾನೆ.

"ಎದ್ದಿರಲಿ ಬಿಡಪ್ಪಾ. ಏಳೋದೇ ಮುಖ್ಯ" ಎನ್ನುತ್ತಾರೆ ಅಕ್ಕ, ಜರಡಿಯಿಂದ ಕಣ್ಣು ತೆಗೆಯದೆ. ಆತ ಮೆಲ್ಲಗೆ ಬಾಗಿಲು ಮುಂದೆ ಮಾಡಿ ಹೊರಟುಹೋಗುತ್ತಾನೆ. ಎರಡು ವರ್ಷದ ಹಿಂದೆ ಏನಾಯಿತೆಂದು ಇಲ್ಲಿ ಎಲ್ಲರಿಗೂ ಗೊತ್ತಿದೆ. ಗೊತ್ತಿಲ್ಲದಿರುವುದು ಅಕ್ಕನ ಮನೆಯಲ್ಲಿರುವ ಒಬ್ಬರಿಗೆ ಮಾತ್ರ, ಗಂಡನ ತಾಯಿಗೆ.

ಪತ್ರಿಕೆಗಾಗಿ ಮೂರು ಸಲ ಮಾತಾಡಿಸಲು ಹೋದಾಗಲೂ "ನನ್ನದೇನಿದೆ ಬರೆಯೋಕೆ" ಎಂದು ಕೈ ಆಡಿಸಿದವರು ನಾಲ್ಕನೇ ಸಲ ತಾವಾಗಿಯೇ ಒಪ್ಪಿದ್ದು ಅದಕ್ಕಾಗಿ. "ನೀವು ಪೇಪರಲ್ಲಿ ಹಾಕ್ತೀರಿ ಅಂದ್ರೆ ಅದಕ್ಕೆ ಮುಂಚೆ ನಾನು ಅತ್ತೆಗೆ ಹೇಳಲೇಬೇಕಾಗತ್ತೆ ಕಣ್ರೀ. ನಾಳೆ ನಾಳೆ ಅಂತಾನೇ ಎರಡು ವರ್ಷ ಹೋಯ್ತು. ಬರೀರಿ, ಒಂದೂ ಬಿಡದೆ ಬರೀರಿ."

ಅಕ್ಕನ ಗಂಡ ಬ್ರೆಡ್ ವ್ಯಾನಿನ ಡ್ರೈವರು. ಹದಿನೆಂಟು ವರ್ಷ ನಸುಕಿನ ನಾಲ್ಕಕ್ಕೆ ಬೇಕರಿಯಿಂದ ಹೊರಟು ಅಂಗಡಿ ಅಂಗಡಿಗೆ ಬ್ರೆಡ್ ಇಳಿಸಿದವರು. ಊರೆಲ್ಲ ಮಲಗಿರುವಾಗ ಏಳುವುದು, ಊರು ಎದ್ದಿರುವಾಗ ಮಲಗಲು ಹೆಣಗುವುದು. ಕೊನೆಕೊನೆಗೆ ಎರಡು ಹೊತ್ತೂ ಕಣ್ಣು ಮುಚ್ಚದಾಯಿತು. "ಗೋಡೆ ನೋಡ್ಕೊಂಡು ಮಲಗಿರೋರು. ನಾನು ಕರೆದ್ರೆ ಮಾತ್ರ, ಮಲಗಿದೀನಿ ಕಣೇ, ಎಬ್ಬಿಸಬೇಡ ಅನ್ನೋರು. ನಗು ಬರ್ತಿತ್ತು ನನಗೆ. ಮಲಗಿರೋರು ಯಾರಾದ್ರೂ ಹಾಗೆ ಹೇಳ್ತಾರಾ?"

ನಿದ್ದೆಯ ಪುಡಿ ಬೆರೆಸುವವಳ ಮನೆಯಲ್ಲೇ ನಿದ್ದೆಯಿಲ್ಲ ಎಂದರೆ ಯಾರಿಗೆ ತಡೆದೀತು? ಆಗೆಲ್ಲ ಪ್ಯಾಕಿಂಗ್ ಮಷೀನಿನ ಕಡೆಯ ಪ್ಯಾಕೆಟ್ಟುಗಳನ್ನು ಕೆಲಸದವರು ಮನೆಗೆ ಒಯ್ಯುವುದು ರೂಢಿ. ಅವಕ್ಕೆ ಇಲ್ಲಿ 'ಬಾಲದ ಪ್ಯಾಕೆಟ್' ಎನ್ನುತ್ತಾರೆ. ಮಷೀನಿನ ಮೇಲಿನ ಲಾಳಿಕೆಯಲ್ಲಿ ಪುಡಿ ಬರಿದಾಗುತ್ತಾ ಬಂದಂತೆ, ಅದುರುವ ಅದುರಿಗೆ ನುಣುಪಾದದ್ದು ಒಂದು ಕಡೆ, ತರಿಯಾದದ್ದು ಒಂದು ಕಡೆ ಸರಿಯುತ್ತದೆ. ಹಾಗಾಗಿ ಕೊನೆಯ ನೂರೈವತ್ತು ಪ್ಯಾಕೆಟ್ಟುಗಳಲ್ಲಿ ಯಾವುದರಲ್ಲಿ ಏನೆಷ್ಟಿದೆ ಎಂದು ಹೇಳಲಾಗದು. ಮಾರಬಾರದು, ನೀರಿಗೆ ಹಾಕಿ ಕರಗಿಸಬೇಕು ಎಂಬುದು ನಿಯಮ.

"ಚೆಲ್ಲೋದಕ್ಕೆ ಯಾರಿಗೆ ಮನಸ್ಸು ಬರತ್ತೆ ಹೇಳಿ. ನೋಡೋಕೆ ಎಲ್ಲಾ ಒಂದೇ ಥರ. ಅದೇ ಬಿಳೀ ಪುಡಿ, ಅದೇ ಚಿತ್ರ. ಹತ್ತು ಪ್ಯಾಕೆಟ್ ಸೆರಗಲ್ಲಿ ಕಟ್ಕೊಂಡು ಹೋದೆ."

ಗಂಡ ಬೇರೆ ಅಂಗಡಿಯಿಂದ ಇನ್ನೊಂದು ಡಬ್ಬಿ ತಂದಿದ್ದರು. ಅದೂ ನಿದ್ದೆಯದೇ, ಹೆಸರು ಬೇರೆ, ಒಳಗಿದ್ದದ್ದು ಇದೇ ಮೆಲಟೋನಿನ್. ಸಾಲದ್ದಕ್ಕೆ ಆ ವಾರ ನೆಗಡಿ. ಮಂಪರು ಬರಿಸುವ ನೆಗಡಿ ಮಾತ್ರೆಯೂ ಜೊತೆಗಿತ್ತು. ಆ ರಾತ್ರಿ ಅವರು ಅವೆರಡನ್ನೂ ನುಂಗಿ, ಅಕ್ಕ ತಂದ ಪ್ಯಾಕೆಟ್ ಎರಡನ್ನು ಒಂದೇ ಲೋಟಕ್ಕೆ ಸುರಿದುಕೊಂಡು ಕುಡಿದರು. ಡಬ್ಬಿಯ ವಿಷಯ ಅಕ್ಕನಿಗೆ ಗೊತ್ತಾದದ್ದು ಆಮೇಲೆ, ಅಂಗಿಯ ಜೇಬು ತಡಕಿದಾಗ.

"ಇಲ್ಲಿ ಎಂಟೆಂಟು ಸಲ ಬೆರೆಸೋಳು ನಾನು. ಮನೇಲಿ ಅವರ ಹೊಟ್ಟೇಲಿ ಏನೇನು ಬೆರೀತಿದೆ ಅಂತ ಒಂದೇ ಒಂದು ಸಲ ಕೇಳಲಿಲ್ಲ. ಇನ್ನೇನು ತಗೊಂಡ್ರಿ ಅಂತ. ಎರಡೇ ಮಾತು. ಅಷ್ಟೇ."

ಬೆಳಿಗ್ಗೆ ಗಡಿಯಾರ ಕೂಗಿದರೂ ಗಂಡ ಏಳಲಿಲ್ಲ. ಅಕ್ಕನೇ ಅಲುಗಾಡಿಸಿದರು. ಇನ್ನೊಂದು ಸ್ವಲ್ಪ ಹೊತ್ತು ಎಂದರು. ಕೆಲಸ ಹೋದೀತೆಂದು ಅಕ್ಕ ಮುಖಕ್ಕೆ ನೀರು ಚಿಮುಕಿಸಿ, ಎಬ್ಬಿಸಿ, ಟೀ ಕುಡಿಸಿ ಕಳಿಸಿದರು. ಐದರ ಸುಮಾರಿಗೆ ವ್ಯಾನು ಸೇತುವೆಯ ತಿರುವಿನಲ್ಲಿ ನೇರ ಹೋಗಿ ಕಟ್ಟೆಗೆ ಬಡಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ರಸ್ತೆ ತುಂಬಾ ಬ್ರೆಡ್ ಬಿದ್ದಿತ್ತೆಂದು ನೋಡಿದವರು ಹೇಳಿದರು.

ತಿಂಗಳ ಮೇಲೆ ಅಕ್ಕ, ಮನೆಯಲ್ಲಿ ಉಳಿದಿದ್ದ ಎರಡು ಪ್ಯಾಕೆಟ್ ತಂದು ಪರೀಕ್ಷೆಯ ಕೋಣೆಯ ಹುಡುಗಿಯ ಕೈಗಿಟ್ಟರು. ಒಂದರಲ್ಲಿ ಮೆಲಟೋನಿನ್ ಇಲ್ಲವೇ ಇಲ್ಲ ಎನ್ನುವಷ್ಟು. ಇನ್ನೊಂದರಲ್ಲಿ ಇರಬೇಕಾದದ್ದರ ಆರು ಪಟ್ಟು. "ಅವರು ಕುಡಿದದ್ದು ಯಾವ ಥರದ್ದು? ಗೊತ್ತಿಲ್ಲ. ಪುಡಿಯಿಂದಾನೋ, ಮಾತ್ರೆಯಿಂದಾನೋ, ಎಲ್ಲಾ ಸೇರಿಯೋ. ಡಾಕ್ಟ್ರನ್ನೂ ಕೇಳಿದೆ. ಹೀಗೇ ಅಂತ ಹೇಳೋಕಾಗಲ್ಲಮ್ಮ ಅಂದ್ರು. ಹೌದು ಅಂದಿದ್ರೆ ಅತ್ತುಬಿಡ್ತಿದ್ದೆ. ಅಲ್ಲ ಅಂದಿದ್ರೆ ಬದುಕಿಬಿಡ್ತಿದ್ದೆ."

ಆವತ್ತಿನಿಂದ ಬಾಲದ ಪ್ಯಾಕೆಟ್ಟುಗಳ ಜವಾಬ್ದಾರಿ ಅಕ್ಕನದು. ನೂರೈವತ್ತನ್ನೂ ಎಣಿಸಿ, ಒಂದೊಂದಾಗಿ ಹರಿದು, ಬಕೆಟ್ ನೀರಿಗೆ ಸುರಿಯುತ್ತಾರೆ. ಹೊಸದಾಗಿ ಸೇರಿದ ಹೆಂಗಸು ಒಮ್ಮೆ, "ಎರಡೇ ಎರಡು ಕೊಡಕ್ಕಾ, ನಮ್ಮಮ್ಮ ನಿದ್ದೆ ಇಲ್ಲದೆ ಒದ್ದಾಡ್ತಾಳೆ" ಎಂದು ಕೇಳಿದಳಂತೆ. ಅಕ್ಕ ಕೊಡಲಿಲ್ಲ. ಆ ತಾಯಿ ಇನ್ನೇನೇನು ಮಾತ್ರೆ ನುಂಗುತ್ತಾರೆಂದು ಚೀಟಿಯಲ್ಲಿ ಬರೆಸಿ, ಅವಳ ಜೊತೆ ತಾವೇ ಡಾಕ್ಟರ ಬಳಿ ಹೋಗಿ ಬಂದರು.

ಮಧ್ಯಾಹ್ನ ಮೂರಕ್ಕೆ ಕೆಲಸ ಬಿಡುತ್ತದೆ. ಅಕ್ಕನ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿಯ ಪಕ್ಕದ ಮಂಚದಲ್ಲಿ ಅತ್ತೆ ಹಳೆಯ ಸ್ವೆಟರೊಂದನ್ನು ಬಿಚ್ಚುತ್ತಾ ಕೂತಿದ್ದಾರೆ. ಎಪ್ಪತ್ತು ದಾಟಿದ ಗಟ್ಟಿ ದನಿಯ ಮುದುಕಿ.

"ಪೇಪರಿನವಳೇನಮ್ಮಾ? ಇವಳದೇನು ಬರೀತೀಯ? ಸಾರಿಗೆ ಉಪ್ಪು ಹಾಕೋಕೂ ತಕ್ಕಡಿ ಬೇಕು ಇವಳಿಗೆ. ಬರೆಯೋದಾದ್ರೆ ಆ ಬೇಕರಿ ಮಾಲೀಕನ ಬಗ್ಗೆ ಬರಿ. ನನ್ನ ಮಗನಿಗೆ ಬ್ರೇಕಿಲ್ಲದ ವ್ಯಾನು ಕೊಟ್ಟು ಕೊಂದ. ಮನೆಗೆ ಬಂದು ಕೈ ಮುಗಿದ, ಅಳೋ ಹಾಗೆ ಮಾಡಿದ. ಚಪ್ಪಲಿ ತಗೊಂಡೆ ನಾನು. ಅವನ ಮನೆ ಹಾಳಾಗ."

ಸೊಸೆ ಮಂಚದ ಎದುರು ಕೂತು ಎರಡೂ ಕೈ ಮುಂದೆ ಚಾಚುತ್ತಾರೆ. ಬಿಚ್ಚಿದ ನೂಲಿನ ಲಡಿ ಆ ಕೈಗಳ ಮೇಲೆ ಏರುತ್ತದೆ. ಅತ್ತೆ ಅಲ್ಲಿಂದ ಎಳೆ ಎಳೆದು ಉಂಡೆ ಸುತ್ತತೊಡಗುತ್ತಾರೆ.

"ಅತ್ತೆ, ಆ ವ್ಯಾನಿನ ಬ್ರೇಕು ಸರಿಯಾಗೇ ಇತ್ತು."

"ಯಾರಂದ್ರು?"

"ಪೊಲೀಸ್ನೋರು ಅವತ್ತೇ ಹೇಳಿದ್ರು. ನಾನು ನಿಮಗೆ ಹೇಳಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳುತ್ತಾರೆ. ಸೆರಗಿನಲ್ಲಿ ಕಟ್ಟಿ ತಂದದ್ದು, ಕೇಳದೇ ಹೋದದ್ದು, ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ದು. ದನಿ ಏರುವುದಿಲ್ಲ. ಕಣ್ಣಿಂದ ನೀರು ಇಳಿದು ಗಲ್ಲದ ತುದಿಗೆ ಬರುತ್ತದೆ. ಎರಡೂ ಕೈಗೆ ನೂಲಿದೆ, ಒರೆಸಿಕೊಳ್ಳಲಾಗುವುದಿಲ್ಲ.

ಅತ್ತೆಯ ಕೈಯಲ್ಲಿ ಉಂಡೆ ನಿಂತುಹೋಗಿದೆ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋಗುತ್ತಾರೆ. ಮುದುಕಿ ಕೇಳುವುದು ಒಂದೇ ಮಾತು.

"ಆವತ್ತು ರಾತ್ರಿ ಅವನಿಗೆ ನಿದ್ದೆ ಬಂದಿತ್ತಾ?"

"ಬಂದಿತ್ತು ಅತ್ತೆ."

"ನಿಜ ಹೇಳು. ಚೆನ್ನಾಗಿ ಬಂದಿತ್ತಾ?"

"ಗೊರಕೆ ಹೊಡೀತಿದ್ರು."

ಅತ್ತೆ ಉಂಡೆಯನ್ನು ದಿಂಬಿನ ಪಕ್ಕದಲ್ಲಿಟ್ಟು, ಗೋಡೆಯ ಕಡೆ ತಿರುಗಿ ಮಲಗುತ್ತಾರೆ. ಉಂಡೆಯಿಂದ ಸೊಸೆಯ ಕೈವರೆಗೆ ಒಂದು ಎಳೆ ಹಾಗೇ ಜೋತಾಡುತ್ತಿದೆ. ಅದನ್ನು ತುಂಡು ಮಾಡಲು ಮನಸ್ಸಿಲ್ಲದವರಂತೆ ಅಕ್ಕ, ನೂಲು ಸಡಿಲ ಬಿಡುತ್ತಾ ಬಿಡುತ್ತಾ ಬಾಗಿಲವರೆಗೆ ಬರುತ್ತಾರೆ.

ನಾಳೆ ಬೆಳಿಗ್ಗೆ ಮತ್ತೊಂದು ಐವತ್ತು ಕಿಲೋ ಇದೆ. ಬೇಕರಿಯ ಮಾಲೀಕರ ಮನೆಗೂ ಒಮ್ಮೆ ಹೋಗಿ ಬರಬೇಕಂತೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಅಕ್ಕ ತಿರುಗಿ ಮಂಚದ ಕಡೆ ನೋಡುತ್ತಾರೆ.

"ಬೈದ್ರೂ ಪರವಾಗಿಲ್ಲ, ಮಾತು ಬಿಟ್ರೂ ಪರವಾಗಿಲ್ಲ. ಇವತ್ತು ಊಟಕ್ಕೆ ಎದ್ರೆ ಸಾಕು."